ಸೊನ್ನೆ ಹಿಡಿದ ಜಾಗ

ಅದು ಮಂಗಳವಾರ. ಮರಾಠಿ ಸೀಮೆಯ ಶಿವಾಜಿನಗರದಿಂದ ಹೊರಟ ಕಾರು ಕಂಪನಿಯ ಬಸ್ಸು ತಳೇಗಾಂವದ ಆಚೆಗಿದ್ದ ನಮ್ಮ ಪರೀಕ್ಷಾ ರಸ್ತೆಯ ಗೇಟಿಗೆ ಬಂದಾಗ ಎಂಟಾಗಲು ಇನ್ನೂ ಹತ್ತು ನಿಮಿಷವಿತ್ತು. ಬಸಣ್ಣ ನನಗಿಂತ ಮೊದಲೇ ಬಂದು, ಕಾರಿನ ನಾಲ್ಕೂ ಗಾಲಿಗಳ ಗಾಳಿ ನೋಡಿ, ಅದನ್ನು ಮಟ್ಟ ಮಾಡಿದ ಸಿಮೆಂಟ್ ಕಟ್ಟೆಯ ಮೇಲೆ ತಂದು ನಿಲ್ಲಿಸಿ, ಒಳಗೆ ಕೂತು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು ಸೀಟಿನ ಪಕ್ಕದ ಅಳತೆ ಪೆಟ್ಟಿಗೆಗೆ ಬ್ಯಾಟರಿಯ ವಾಯರ್ ಜೋಡಿಸಿದೆ. ನೂರು ಎಣಿಸುವಷ್ಟು ಹೊತ್ತು ಇಬ್ಬರೂ ಅಲುಗಾಡದೆ ಇದ್ದೆವು.

“ಸೊನ್ನಿ ಆತೇನ್ರಿ, ದೇಸಾಯರ?”

“ಆತು.”

“ಹಂಗಾರ ಇನ್ನ ಉಸರು ಬಿಡ್ತೀನಿ.”

ಹದಿನೆಂಟು ವರ್ಷ, ಕೆಲಸವಿದ್ದ ಪ್ರತಿ ಬೆಳಿಗ್ಗೆ ಅವನು ಇದೇ ಮಾತು ಹೇಳಿದ್ದ. ಅಂದು ನನಗೆ ನಗು ಕೂಡ ಬರಲಿಲ್ಲ.

ಮಧ್ಯಾಹ್ನ ಚಹಾಕ್ಕೆ ಕೂತಾಗ ಅವನು ಕಪ್ಪನ್ನು ಕೆಳಗಿಟ್ಟು ಹೇಳಿದ: “ಎಡಕ್ಕ ತಿರುವಿದಾಗ ಹಿಂದಿನ ಬಲಗಾಲಿ ಗುಂಯ್ ಅಂತದ್ರಿ. ಬಲಕ್ಕ ತಿರುವಿದ್ರ ಸುಮ್ಮಾಗ್ತದ.”

“ಅಂಕಿ ಎಲ್ಲಾ ಬರೋಬರಿ ಅದಾವಲ್ಲೊ.”

“ಅಂಕಿ ಇರ್ಲಿ. ನಾ ಹೇಳಿದ್ದು ಬರಕೋರಿ.”

“ಎಲ್ಲಿ ಬರೀಲೊ ಮಾರಾಯಾ? ಹೊಸ ಫಾರ್ಮಿನಾಗ ಅದಕ್ಕ ಖಾನೆನೇ ಇಲ್ಲ.”

“ನಿಮ್ಮ ಹಣಿ ಮ್ಯಾಲ ಬರಕೋರಿ. ಭಾಳ ಜಾಗಾ ಖಾಲಿ ಅದ.”

ನನ್ನ ಬೋಳುತಲೆಯ ಮೇಲೆ ಅವನು ಮಾಡುತ್ತಿದ್ದ ಹಾಸ್ಯಗಳಲ್ಲಿ ಅದು ಕೊನೆಯದು. ಮರುದಿನ ಬುಧವಾರ, ಹತ್ತೂವರೆಗೆ, ಅದೇ ಕಾರು ಎಡತಿರುವಿನಲ್ಲಿ ಮಗುಚಿಕೊಂಡಿತು. ಬಸಣ್ಣ ಆಸ್ಪತ್ರೆ ಮುಟ್ಟಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ನನ್ನ ಅನುಭವ ಬರೆದುಕೊಡಬೇಕೆಂದು ನಮ್ಮ ವಿಭಾಗದ ಮೇಘನಾ ಎಂಬ ಹುಡುಗಿ ಕೇಳಿದಳು. ಈಗ ಅವಳು ಅಲ್ಲಿ ಹಿರಿಯ ಇಂಜಿನಿಯರ್. ನಾನು ಧಾರವಾಡದಲ್ಲಿ ಐ.ಟಿ.ಐ. ಓದಿದವನು, ಬರವಣಿಗೆ ನನ್ನ ಕೈಗೆ ಒಗ್ಗಿದ್ದಲ್ಲ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದರಿಂದ ನಿಮಗೆ ಏನೂ ಉಪಯೋಗವಿಲ್ಲ. ಕೆಲಸ ಹೇಗಿತ್ತು, ನಾನು ಅದನ್ನು ಎಲ್ಲಿ ಕೆಡಿಸಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಕಾರು ತಿರುವಿನಲ್ಲಿ ಹೋಗುವಾಗ ನಿಮ್ಮ ಮೈ ಬಾಗಿಲಿಗೆ ಒತ್ತುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ ಬಾಗುತ್ತೀರಿ, ವೇಗ ಏರಿಸಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಹಾಗೆ ಒತ್ತುವ ಬಲ ಎಷ್ಟು ಎಂದು ಕಾರು ಓಡುತ್ತಿರುವಾಗಲೇ ಅಳೆಯುವುದು ನಮ್ಮ ಕೆಲಸ. ಭೂಮಿ ನಮ್ಮನ್ನು ಕೆಳಗೆ ಎಳೆಯುವ ಬಲವನ್ನು ನೂರು ಎಂದು ಇಟ್ಟುಕೊಳ್ಳಿ. ಮನೆಯವರು ಬೈಯದ ಹಾಗೆ ಓಡಿಸಿದರೆ ಇಪ್ಪತ್ತು, ಮೂವತ್ತು. ಬೈದರೆ ನಲವತ್ತು. ಅದಕ್ಕೂ ಮೇಲಿನದು ನಮ್ಮಂಥವರ ಪಾಲಿಗೆ. ನಾನು ಅಳೆಯುವವನು, ಬಸಣ್ಣ ಓಡಿಸುವವನು.

ನಾನು ಸೇರಿದಾಗ ವಿದ್ಯುತ್ ಪೆಟ್ಟಿಗೆಗಳು ಇರಲಿಲ್ಲ. ದಾರಕ್ಕೆ ಒಂದು ನಟ್ಟು ಕಟ್ಟಿ ಇಳಿಬಿಟ್ಟು, ಅದರ ಹಿಂದೆ ಕೋನ ಗುರುತಿಸಿದ ರಟ್ಟು ಅಂಟಿಸುತ್ತಿದ್ದೆವು. ಕಾರು ತಿರುಗಿದರೆ ದಾರ ಎಷ್ಟು ಓರೆಯಾಯಿತು ಎಂದು ನೋಡಿ ಲೆಕ್ಕ ಹಾಕುವುದು. ರಸ್ತೆಯ ಒಂದು ಸಣ್ಣ ಗುಂಡಿ ಸಿಕ್ಕರೂ ನಟ್ಟು ಕುಣಿಯುತ್ತಿತ್ತು, ನಾನು ಅಂದಾಜಿನಲ್ಲಿ ಏನೋ ಬರೆಯುತ್ತಿದ್ದೆ. ಬೈಲಹೊಂಗಲ ಕಡೆಯಿಂದ ಹೊಸದಾಗಿ ಬಂದ ಡ್ರೈವರ್ ಎರಡು ದಿನ ಇದನ್ನು ನೋಡಿದ. ಮೂರನೆಯ ದಿನ ಮನೆಯಿಂದ ಹರಳೆಣ್ಣೆ ತುಂಬಿದ ಗಾಜಿನ ಭರಣಿ ತಂದು ನನ್ನ ಮುಂದೆ ಇಟ್ಟ.

“ನಟ್ಟು ಇದರಾಗ ಇಳಿಬಿಡ್ರಿ. ಕುಣಿಯೋದು ಬಿಟ್ಟು ಶಾಣ್ಯಾ ಆಗ್ತದ.”

ನಿಜವಾಗಿಯೂ ಆಯಿತು. ಎಣ್ಣೆ ನಟ್ಟಿನ ಕುಣಿತವನ್ನು ಹಿಡಿದಿಟ್ಟಿತು, ಓರೆಯನ್ನು ಹಾಗೇ ಬಿಟ್ಟಿತು. ಭರಣಿ ಕಳೆದದ್ದಕ್ಕೆ ಅವನ ಹೆಂಡತಿ ಗಂಗವ್ವ ಒಂದು ವಾರ ಮಾತು ಬಿಟ್ಟಿದ್ದಳಂತೆ. ಬಸಣ್ಣನ ಪರಿಚಯ ಆದದ್ದು ಹೀಗೆ. ನಾಲ್ಕನೆಯ ತರಗತಿಯವರೆಗೆ ಓದಿದ್ದ.

ಆಮೇಲೆ ಪೆಟ್ಟಿಗೆ ಬಂತು. ಅಡಿಗೆಯ ಡಬ್ಬಿಯಷ್ಟು ದೊಡ್ಡದು. ಅದನ್ನು ಕಾರಿನ ನಡುಭಾಗಕ್ಕೆ ಬಿಗಿದರೆ ಗೆರೆ ತಾನೇ ಬರೆಯುತ್ತಿತ್ತು. ಅದನ್ನು ಕೂಡಿಸಿದ ಮೊದಲನೆಯ ಸಲ ನಾನು ಹಿಂದುಮುಂದಾಗಿ ಬಿಗಿದೆ. ಬ್ರೇಕ್ ಹಾಕಿದ ಕಡೆಯೆಲ್ಲ ವೇಗ ಏರಿದಂತೆ ಗೆರೆ ಬಂತು. ನಾನು ನೋಡಲಿಲ್ಲ, ಮೇಲೆ ಕಳಿಸಿಬಿಟ್ಟೆ. ಆಗ ಕುಲಕರ್ಣಿ ಸಾಹೇಬರು ನಮ್ಮ ಮುಖ್ಯಸ್ಥರು. ಅದನ್ನು ದೊಡ್ಡವರ ಸಭೆಯಲ್ಲಿ ತೋರಿಸಿ ತಲೆ ತಗ್ಗಿಸಿ ಬಂದರು. ನನ್ನನ್ನು ಕರೆದು ಮರಾಠಿಯಲ್ಲಿ, “ದೇಸಾಯಿ, ನಿಮ್ಮ ಕಾರು ಬ್ರೇಕ್ ಒತ್ತಿದರೆ ಓಡುತ್ತದಂತೆ. ಎಕ್ಸಿಲರೇಟರ್ ಒತ್ತಿದರೆ ನಿಲ್ಲುತ್ತದೋ?” ಎಂದರು. ನಾನು ಅಳುವುದೊಂದು ಬಾಕಿ. ಅವರು ಆ ಹಾಳೆಯನ್ನು ಹರಿಯಲು ಬಿಡಲಿಲ್ಲ. ಕೆಂಪು ಪೆನ್ನು ಕೊಟ್ಟು, ಅದೇ ಪುಟದ ಮೇಲೆ, ‘ಪೆಟ್ಟಿಗೆಯನ್ನು ಉಲ್ಟಾ ಕೂಡಿಸಿದ್ದು ನಾನು’ ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಅವರ ಕಾಲದಲ್ಲಿ ಅದು ನಿಯಮ. ತಪ್ಪು ಎಲ್ಲಿ ಆಯಿತೋ ಅದೇ ಪುಟದಲ್ಲಿ, ಕೆಂಪಿನಲ್ಲಿ, ಮಾಡಿದವನ ಹೆಸರಿನಲ್ಲಿ. ನನ್ನ ಕೆಂಪು ಸಾಲುಗಳು ಹಳೆಯ ಪುಸ್ತಕಗಳಲ್ಲಿ ಹನ್ನೊಂದು ಇವೆ. ಆ ಹನ್ನೊಂದಕ್ಕೆ ನನಗೆ ನಾಚಿಕೆಯಿಲ್ಲ.

ಅದೇ ಪುಸ್ತಕದಲ್ಲಿ ಕೊನೆಗೆ ಅಗಲವಾದ ಒಂದು ಖಾನೆ ಇರುತ್ತಿತ್ತು: ಚಾಲಕನ ಮಾತು. ಬಸಣ್ಣ ಕನ್ನಡದಲ್ಲಿ ಹೇಳುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ‘ಸ್ಟೇರಿಂಗ್ ಹಸಿ ಹಿಟ್ಟಿನಂಗ ಅದ.’ ‘ಬಾಲ ಅಲ್ಲಾಡಸ್ತದ.’ ಇವನ್ನು ಇಂಗ್ಲಿಷಿಗೆ ತರುವುದು ಅಳತೆಗಿಂತ ಕಷ್ಟದ ಕೆಲಸವಾಗಿತ್ತು.

ಅವನ ಮೈಯೇ ಒಂದು ಪೆಟ್ಟಿಗೆ. ಆಗ ನಮಗೆ ಸ್ವಂತ ಪರೀಕ್ಷಾ ರಸ್ತೆ ಇರಲಿಲ್ಲ. ಬೆಳಗಿನ ಜಾವ ಅಹಮದನಗರ ರಸ್ತೆ ಹಿಡಿದು ಶಿರೂರಿನ ಹತ್ತಿರ ಹೋಗಿ ಬ್ರೇಕ್ ಅಳೆಯುತ್ತಿದ್ದೆವು. ನಾನು ಪಕ್ಕದ ಸೀಟಿನಲ್ಲಿ. ಪ್ರತಿ ಸಲವೂ ನಾನು ಗೆರೆ ನೋಡುವ ಮೊದಲೇ ಅವನು ಅಂಕಿ ಹೇಳುತ್ತಿದ್ದ, ಒಂದೆರಡರಷ್ಟು ಹೆಚ್ಚುಕಡಿಮೆ ಸರಿಯಿರುತ್ತಿತ್ತು. ಒಂದು ದಿನ ಹೊಲದಿಂದ ಕುರಿಗಳ ಹಿಂಡು ಏಕಾಏಕಿ ರಸ್ತೆಗೆ ಬಂತು. ಬಸಣ್ಣ ಒತ್ತಿದ ಬ್ರೇಕಿಗೆ ನನ್ನ ಕನ್ನಡಕ ಮುಂದಿನ ಗಾಜಿಗೆ ಹೋಗಿ ಬಡಿಯಿತು. ಕುರಿಯವನು ಮರಾಠಿಯಲ್ಲಿ ನಮ್ಮ ಏಳು ತಲೆಮಾರನ್ನು ಎತ್ತಾಡತೊಡಗಿದ. ಬಸಣ್ಣ ಅವನಿಗೆ ಕೈ ಮುಗಿದು ನನ್ನ ಕಡೆ ತಿರುಗಿದ.

“ಎಪ್ಪತ್ತು. ಎಷ್ಟ ಬಂತ್ರಿ?”

“ಎಪ್ಪತ್ತೊಂದು.”

“ಒಂದು ಕುರಿ ಹೆಚ್ಚಾತು.”

ಪರೀಕ್ಷಾ ರಸ್ತೆ ಕಟ್ಟಿದ ಮೇಲೆ ನಮಗೆ ಒಂದು ಕಟ್ಟೆ ಬೇಕಾಯಿತು. ಇದನ್ನು ಹೊಸಬರು ಗಮನವಿಟ್ಟು ಓದಿ. ಪೆಟ್ಟಿಗೆಗೆ ಯಾವುದು ಸೊನ್ನೆ ಎಂದು ಬೆಳಿಗ್ಗೆ ನಾವೇ ಹೇಳಿಕೊಡಬೇಕು. ಕಾರು ಸಮನಾದ ನೆಲದ ಮೇಲೆ ನಿಂತಿರಬೇಕು, ಓಡಿಸುವವನು ಒಳಗೆ ಕೂತಿರಬೇಕು, ಯಾರೂ ಅಲುಗಬಾರದು. ನೆಲ ಒಂದು ಪಕ್ಕಕ್ಕೆ ಸ್ವಲ್ಪ ಇಳಿಜಾರಾಗಿದ್ದರೂ ಪೆಟ್ಟಿಗೆ ಆ ಓರೆಯನ್ನೇ ಸೊನ್ನೆ ಎಂದು ನಂಬುತ್ತದೆ. ಆಮೇಲೆ ದಿನವಿಡೀ ಸುಳ್ಳು ಹೇಳುತ್ತದೆ, ಅದೂ ಒಂದೇ ಅಳತೆಯ ಸುಳ್ಳು: ಒಂದು ಕಡೆಯ ತಿರುವಿಗೆ ಅಷ್ಟು ಹೆಚ್ಚು, ಇನ್ನೊಂದು ಕಡೆಗೆ ಅಷ್ಟೇ ಕಡಿಮೆ. ಅದಕ್ಕಾಗಿ ನಾನು, ಬಸಣ್ಣ, ಗಾರೆ ಕೆಲಸದ ಒಬ್ಬ ಗೌಂಡಿ ಸೇರಿ, ಗೌಂಡಿಗಳು ಬಳಸುವ ನೀರು ತುಂಬಿದ ಪ್ಲಾಸ್ಟಿಕ್ ನಳಿಗೆ ಹಿಡಿದು, ಕಾರು ನಿಲ್ಲುವಷ್ಟು ಅಗಲದ ಸಿಮೆಂಟ್ ಕಟ್ಟೆಯನ್ನು ಎರಡು ದಿನ ಕೂತು ಮಟ್ಟ ಮಾಡಿದೆವು. ಅದರ ಮೇಲೆ ಸೊನ್ನೆ ಹಿಡಿಯದೆ ನಾವು ಚಹಾ ಕುಡಿಯುತ್ತಿರಲಿಲ್ಲ.

ಕುಲಕರ್ಣಿ ಸಾಹೇಬರು ನಿವೃತ್ತರಾದರು. ಹೊಸ ಸಾಹೇಬರು ಬಂದರು. ಅವರ ಹೆಸರು ಬೇಡ. ಕೆಟ್ಟವರೆಂದು ಹೇಳಲಾರೆ, ನನ್ನ ಮಗಳ ಮದುವೆಗೆ ಬಂದು ಊಟ ಮಾಡಿ ಹೋದವರು. ಅವರ ಕಾಲದಲ್ಲಿ ಪೆಟ್ಟಿಗೆ ಬೆಂಕಿಪೊಟ್ಟಣದಷ್ಟು ಸಣ್ಣದಾಯಿತು, ಅಂಕಿಗಳು ಗಾಳಿಯಲ್ಲೇ ಹಾರಿ ಶೆಡ್ಡಿನ ಕಂಪ್ಯೂಟರಿಗೆ ಬರತೊಡಗಿದವು. ಪುಸ್ತಕ ಹೋಗಿ ಪರದೆಯ ಮೇಲಿನ ಫಾರ್ಮ್ ಬಂತು. ಅದರಲ್ಲಿ ಚಾಲಕನ ಮಾತಿಗೆ ಖಾನೆ ಇರಲಿಲ್ಲ. ಕೆಂಪು ಪೆನ್ನು ಇರಲಿಲ್ಲ. ‘ಸೊನ್ನೆ ಹಿಡಿಯಲಾಗಿದೆ’ ಎಂಬುದರ ಮುಂದೆ ಒಂದು ಚೌಕ, ಅದರಲ್ಲಿ ಗುರುತು ಹಾಕಿದರೆ ಮುಗಿಯಿತು. ಎಲ್ಲಿ ಹಿಡಿದಿರಿ ಎಂದು ಅದು ಕೇಳುತ್ತಿರಲಿಲ್ಲ. ನಾನು ಪಕ್ಕದ ಸೀಟಿನಿಂದ ಎದ್ದು ಶೆಡ್ಡಿನ ಫ್ಯಾನಿನ ಕೆಳಗೆ ಕೂತೆ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಸೊಂಟನೋವು ಕಡಿಮೆಯಾಯಿತು.

“ದೊಡ್ಡವರಾದ್ರಿ ನೀವು,” ಎಂದು ಬಸಣ್ಣ ಕಾಡಿಸುತ್ತಿದ್ದ. “ಒಳಗ ಒಬ್ಬನ ಕೂತು ಯಾರ ಜೋಡಿ ಮಾತಾಡ್ಲಿ? ಗಿಯರಿನ ಜೋಡಿ ಮಾತಾಡಾಕತ್ತೀನಿ.”

ಆ ಬುಧವಾರ ನಾನು ಅವನ ಪಕ್ಕದಲ್ಲಿದ್ದಿದ್ದರೆ ಹಿಂದಿನ ಬಲಗಾಲಿಯ ಸದ್ದು ನನಗೂ ಕೇಳಿಸುತ್ತಿತ್ತು.

ಅಂದು ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಅವರು ಫೋಟೋ ತೆಗೆಸಿಕೊಳ್ಳಲೆಂದು ಹೂವು ಕಟ್ಟಿದ ಹೊಸ ಕಾರೊಂದನ್ನು ಸಾಹೇಬರು ನಮ್ಮ ಕಟ್ಟೆಯ ಮೇಲೆ ನಿಲ್ಲಿಸಲು ಹೇಳಿದ್ದರು. ಸರಿಸಿ ಎಂದು ಕೇಳಿದೆ. ಸಾಹೇಬರು ಗಡಿಯಾರ ತೋರಿಸಿ, ಅತಿಥಿಗಳು ಬರುವುದರೊಳಗೆ ಪರೀಕ್ಷೆ ಮುಗಿಸಿ ಎಂದರು. ಶೆಡ್ಡಿನ ಬಾಗಿಲ ಮುಂದೆ ಮಳೆನೀರು ಹರಿದುಹೋಗಲೆಂದು ನೆಲ ಒಂದು ಬದಿಗೆ ವಾಲಿದೆ. ಅದು ನನಗೆ ಗೊತ್ತಿತ್ತು. ನೀರು ಹರಿಯುವುದನ್ನು ಎಷ್ಟೋ ಮಳೆಗಾಲ ಅಲ್ಲೇ ನಿಂತು ನೋಡಿದ್ದೇನೆ. ಕಾರನ್ನು ಅಲ್ಲಿ ನಿಲ್ಲಿಸಲು ಹೇಳಿದೆ.

“ಇಲ್ಲೇನ್ರಿ?” ಎಂದ ಬಸಣ್ಣ.

“ಒಂದಿನಾ ನಡೀತದ ಬಿಡೊ.”

ಅವನು ಕಟ್ಟೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಸೊನ್ನೆ ಆಯಿತೇ ಎಂದು ಅಂದು ಕೇಳಲಿಲ್ಲ. ನಾನು ಚೌಕದಲ್ಲಿ ಗುರುತು ಹಾಕಿದೆ.

ಆ ಕಾರು ಇನ್ನೂ ಒಪ್ಪಿಗೆ ಸಿಗದ ಹೊಸ ಮಾದರಿ. ತಿರುವಿನ ಬಲ ಅರವತ್ತು ದಾಟಬಾರದು ಎಂದು ಮಿತಿ ಹಾಕಿದ್ದರು. ದೊಡ್ಡ ವೃತ್ತದಲ್ಲಿ ಬಸಣ್ಣ ಮೊದಲು ಬಲಕ್ಕೆ ಸುತ್ತಿದ, ಆಮೇಲೆ ಅದೇ ವೇಗದಲ್ಲಿ ಎಡಕ್ಕೆ. ಪರದೆಯ ಮೇಲೆ ಅರವತ್ನಾಲ್ಕು ಬಂತು. ನಾನು ವೈರ್‌ಲೆಸ್‌ನಲ್ಲಿ, “ಬಸಣ್ಣ, ಮಿತಿ ದಾಟಾಕತ್ತದ,” ಎಂದೆ. “ಇಲ್ರಿ, ಅರವತ್ತರ ಒಳಗ ಅದೀನಿ,” ಎಂದ. ಅವನ ದನಿಯನ್ನು ನಾನು ಕೇಳಿದ್ದು ಅಷ್ಟೇ. ಕಿಟಕಿಯಿಂದ ನೋಡಿದಾಗ ಹಿಂದಿನ ಬಲಗಾಲಿ ಕಾರನ್ನು ಬಿಟ್ಟು ತಾನೇ ಹುಲ್ಲಿನ ಮೇಲೆ ಉರುಳಿ ಹೋಗುತ್ತಿತ್ತು. ಕಾರು ಅದರ ನಂತರ ಮಗುಚಿತು. ಮೊದಲು ಗಾಲಿ, ಆಮೇಲೆ ಕಾರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಿಚಾರಣೆ ಎರಡು ವಾರ ನಡೆಯಿತು. ನಾನು ಕಂಡದ್ದನ್ನು ಹೇಳಿದೆ. ಅಷ್ಟು ದೂರದಿಂದ ಯಾವುದು ಮೊದಲು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರು. ಹಿಂದಿನ ದಿನದ ಗಾಲಿಯ ಸದ್ದಿನ ಬಗ್ಗೆ ಹೇಳಿದೆ. ಎಲ್ಲಿ ಬರೆದಿದ್ದೀರಿ, ತೋರಿಸಿ ಎಂದರು. ಬರೆದಿರಲಿಲ್ಲ. ಕೊನೆಗೆ ಬರೆದ ವರದಿ ಒಂದೂವರೆ ಪುಟ: ಚಾಲಕ ನಿಗದಿತ ಮಿತಿಯನ್ನು ಮೀರಿದ, ಎಚ್ಚರಿಸಿದರೂ ಕೇಳಲಿಲ್ಲ, ಕಾರು ಮಗುಚಿತು, ಮಗುಚಿದ ಹೊಡೆತಕ್ಕೆ ಗಾಲಿ ಕಳಚಿತು. ಆಧಾರ: ಅಳತೆ ಪೆಟ್ಟಿಗೆಯ ಅಂಕಿ ಅರವತ್ನಾಲ್ಕು.

ನಂಬುತ್ತೀರೋ ಇಲ್ಲವೋ, ಆಗಲೂ ನನಗೆ ಶೆಡ್ಡಿನ ಬಾಗಿಲ ನೆಲ ನೆನಪಾಗಲಿಲ್ಲ. ಅಂಕಿಯನ್ನು ನಂಬಿ ನಂಬಿ ಮೂವತ್ತು ವರ್ಷ ಆಗಿತ್ತು. ಬಸಣ್ಣನಿಗೆ ವಯಸ್ಸಾಯಿತು, ಮೈಯ ಅಂದಾಜು ತಪ್ಪಿತು ಎಂದು ನಾನೂ ಅಂದುಕೊಂಡೆ. ಅವನ ಮಣ್ಣಿಗೆ ಹೋಗಿ ಬಂದು ಹದಿನೈದು ದಿನಕ್ಕೆ ನಾನು ಹಾಗೆ ಅಂದುಕೊಂಡೆ.

ವರದಿ ಮೇಲೆ ಹೋದ ಒಂದು ವಾರಕ್ಕೆ ಮೇಘನಾ ನನ್ನ ಮೇಜಿಗೆ ಬಂದಳು. ತುಮಕೂರಿನವಳು, ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಕಲಿಯಲೆಂದು ಹಳೆಯ ಅಳತೆಗಳನ್ನು ತೆರೆದು ನೋಡುತ್ತಿದ್ದಳು.

“ಸರ್, ಒಂದು ಡೌಟು. ಅವತ್ತು ಲೆಫ್ಟ್ ಸರ್ಕಲ್‌ನಲ್ಲಿ ಅರವತ್ನಾಲ್ಕು ಬಂದಿದೆ, ರೈಟ್‌ನಲ್ಲಿ ಐವತ್ನಾಲ್ಕೇ ಇದೆ. ಕಾರ್ ಒಂದೇ, ಸ್ಪೀಡ್ ಒಂದೇ. ಹೀಗ್ಯಾಕೆ?”

ಎರಡೂ ದಿಕ್ಕಿನ ಅಂಕಿ ಬೇರೆಯಾದರೆ ಮೊದಲು ಸೊನ್ನೆ ಎಲ್ಲಿ ಹಿಡಿದಿರಿ ಎಂದು ಕೇಳಿ, ಆಮೇಲೆ ಎರಡನ್ನೂ ಕೂಡಿಸಿ ಅರ್ಧ ಮಾಡಿ ಎಂದು ಅವಳಿಗೆ ಅದೇ ತಿಂಗಳು ಪಾಠ ಹೇಳಿದವನು ನಾನು. ಅರ್ಧ ಮಾಡಿದರೆ ಐವತ್ತೊಂಬತ್ತು. ವೃತ್ತದ ಅಳತೆ, ಕಾರಿನ ವೇಗ ಎರಡರಿಂದ ಬೇರೆಯಾಗಿ ಲೆಕ್ಕ ಹಾಕಿದರೂ ಐವತ್ತೊಂಬತ್ತು. ಅರವತ್ತರ ಒಳಗಿದ್ದೇನೆ ಎಂದು ಅವನು ಹೇಳಿದ್ದ.

ನಾನು ಮೇಘನಾಳಿಗೆ, “ಆ ಕಡೆ ರಸ್ತೆನ ಸ್ವಲ್ಪ ಓರೆ ಅದವ್ವ,” ಎಂದೆ. ಅವಳು ತಲೆ ಅಲ್ಲಾಡಿಸಿ ಹೋದಳು. ವೃತ್ತಿಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ನನ್ನ ಶಿಷ್ಯೆಗೇ ಹೇಳಿದೆ.

ಅಂದೇ ಸಂಜೆ ಸಾಹೇಬರ ಕೋಣೆಗೆ ಹೋದೆ. ಸೊನ್ನೆಯನ್ನು ಇಳಿಜಾರಿನಲ್ಲಿ ಹಿಡಿದದ್ದು ನಾನು, ಬಸಣ್ಣ ಮಿತಿ ಮೀರಿಲ್ಲ, ವರದಿಯನ್ನು ತಿದ್ದಬೇಕು ಎಂದೆ. ಅವರು ಎದ್ದು ಬಾಗಿಲು ಹಾಕಿ ಬಂದರು.

“ಬಸಾ, ದೇಸಾಯಿ,” ಎಂದು ಕೂರಲು ಕುರ್ಚಿ ತೋರಿಸಿ, ಮರಾಠಿಯಲ್ಲೇ ಮುಂದುವರಿದರು. “ಕಟ್ಟೆಯ ಮೇಲೆ ಕಾರು ನಿಲ್ಲಿಸಿದ್ದು ಯಾರು ಎಂದು ಕೇಳುತ್ತಾರೆ. ಗಾಲಿಯನ್ನು ಬಿಚ್ಚಿ ನೋಡುತ್ತಾರೆ. ಈ ಮಾದರಿಯೇ ನಿಂತುಹೋಗುತ್ತದೆ. ಇಷ್ಟೆಲ್ಲ ಆಗಿ, ಸೊನ್ನೆ ಹಿಡಿಯಲಾಗಿದೆ ಎಂದು ಗುರುತು ಹಾಕಿದ ಕೈ ನಿಮ್ಮದೇ. ನಿಮಗೆ ಇನ್ನು ಎಷ್ಟು ವರ್ಷ ಇದೆ?”

“ಎರಡು.”

“ಅವನು ಹೇಗೂ ತಿರುಗಿ ಬರುವುದಿಲ್ಲ. ಮನೆಗೆ ಹೋಗಿ.”

ನಾನು ಮನೆಗೆ ಹೋದೆ. ಅವರು ಹೆದರಿಸಿದರು ಎಂದು ಇಷ್ಟು ವರ್ಷ ಹೆಂಡತಿಗೆ ಹೇಳಿಕೊಂಡು ಬಂದಿದ್ದೇನೆ. ಅವರು ದನಿ ಏರಿಸಿರಲಿಲ್ಲ. ನಾನು ಹೆದರಲು ತಯಾರಾಗಿಯೇ ಆ ಕೋಣೆಗೆ ಹೋಗಿದ್ದೆ.

ಆ ಮಾದರಿಯ ಹಿಂದಿನ ಗಾಲಿಯ ಬೇರಿಂಗನ್ನು ನಾಲ್ಕು ತಿಂಗಳ ಮೇಲೆ ಸದ್ದಿಲ್ಲದೆ ಬದಲಿಸಿದರು. ಯಾಕೆ ಎಂದು ಯಾವ ಹಾಳೆಯಲ್ಲೂ ಬರೆಯಲಿಲ್ಲ. ಹೊಸ ಚಾಲಕರಿಗೆ ತರಬೇತಿ ಕೊಡುವ ಕೋಣೆಯ ಗೋಡೆಗೆ ಮಾತ್ರ ಒಂದು ಚಿತ್ರ ಬಂತು. ಆ ಬುಧವಾರದ ಗೆರೆ, ಅರವತ್ತರ ಹತ್ತಿರ ಒಂದು ಅಡ್ಡ ಗೆರೆ, ಅದನ್ನು ದಾಟಿದ ತುದಿಗೆ ಕೆಂಪು ವೃತ್ತ. ಕೆಳಗೆ ದಪ್ಪ ಅಕ್ಷರದಲ್ಲಿ: ಮಿತಿ ಮೀರಿದರೆ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ನಮ್ಮಲ್ಲಿ ಕೆಂಪು ಬಣ್ಣ ತಿರುಗಿ ಬಂದದ್ದು ಹೀಗೆ.

ಗಂಗವ್ವನ ಮನೆಗೆ ದೀಪಾವಳಿಗೆ ಹೋಗುತ್ತಿದ್ದೆ. ಅವಳು ಒಮ್ಮೆ ಚಕ್ಕುಲಿಯ ತಟ್ಟೆ ಮುಂದಿಟ್ಟು ನೆಲ ನೋಡುತ್ತ ಕೇಳಿದಳು: “ಅಣ್ಣಾರ, ಮೂವತ್ತು ವರ್ಷ ಗಾಡಿ ಹೊಡದ್ರು, ಒಂದು ನಾಯಿಮರಿ ಗಾಲಿಗೆ ಸಿಗಲಿಲ್ಲ. ಹುಚ್ಚರಂಗ ಓಡ್ಸಿದ್ರಂತ ಬಸ್ಸಿನಾಗ ಮಂದಿ ಮಾತಾಡ್ತಾರ. ಹೌದೇನ್ರಿ?”

“ಇಲ್ಲವ್ವ.”

“ಮತ್ತ ನೀವ್ಯಾಕ ಅಲ್ಲೆ ಹೇಳಲಿಲ್ಲ?”

ನಾನು ಚಕ್ಕುಲಿ ಮುರಿಯುತ್ತ ಕೂತೆ.

ನಿವೃತ್ತಿಯ ದಿನ, ಸಭೆಗೆ ಹೋಗುವ ಮೊದಲು, ಒಂದು ಹಾಳೆ ಬರೆದೆ. ಕೆಂಪು ಪೆನ್ನಿನಲ್ಲೇ ಬರೆದೆ. ಸೊನ್ನೆಯನ್ನು ಶೆಡ್ಡಿನ ಬಾಗಿಲ ಇಳಿಜಾರಿನಲ್ಲಿ ಹಿಡಿದವನು ನಾನು, ನಿಜವಾದ ಅಂಕಿ ಐವತ್ತೊಂಬತ್ತು, ಗಾಲಿಯ ಸದ್ದನ್ನು ಚಾಲಕ ಹಿಂದಿನ ದಿನವೇ ಹೇಳಿದ್ದ, ಬರೆಯದೆ ಬಿಟ್ಟವನು ನಾನು. ಸಹಿ ಹಾಕಿ, ಈ ಹಾಳೆಯನ್ನು ಆ ಕಡತಕ್ಕೆ ಸೇರಿಸಬೇಕು ಎಂದು ಕೋರಿ ಕಚೇರಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡೆ. ಆಮೇಲೆ ಸಭೆಯಲ್ಲಿ ಸಾಹೇಬರು ನನ್ನ ನಿಖರತೆಯನ್ನು ಹೊಗಳಿದರು.

ಅಂದೇ ಗಂಗವ್ವನಿಗೂ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಚಹಾ ಮಾಡಿ ತಂದುಕೊಟ್ಟಳು, ನಾನು ಕುಡಿದು ಮುಗಿಸಿದ ಮೇಲೆ ಕಪ್ಪನ್ನು ತೆಗೆದುಕೊಂಡಳು.

“ನನಗ ಹೇಳಿದ್ರ ಏನ್ ಬಂತ್ರಿ ಅಣ್ಣಾರ? ನನಗ ಮೊದಲ ಗೊತ್ತಿತ್ತು. ಅಲ್ಲೆ ತಿದ್ಸಿ ಬರ್ರಿ. ತಿದ್ಸಿದ ಮ್ಯಾಲ ಮನೀಗೆ ಬರ್ರಿ.”

ಅದಾಗಿ ಮೂರು ದೀಪಾವಳಿ ಕಳೆದಿವೆ. ನಾನು ಆ ಮನೆಗೆ ಹೋಗಿಲ್ಲ.

ಹೊಸಬರಿಗೆ ನಾನು ಹೇಳಬೇಕಾದದ್ದು ಹೆಚ್ಚಿಲ್ಲ. ಕಟ್ಟೆಯ ಮೇಲೆ ಯಾರ ಕಾರೇ ನಿಂತಿರಲಿ, ಸರಿಸಿ. ಸರಿಸದಿದ್ದರೆ ಅಂದು ಅಳೆಯಬೇಡಿ. ಓಡಿಸುವವನು ಹೇಳಿದ್ದನ್ನು ಬರೆದುಕೊಳ್ಳಿ, ಖಾನೆ ಇಲ್ಲದಿದ್ದರೆ ಅಂಗೈ ಮೇಲೆ ಬರೆದುಕೊಳ್ಳಿ. ತಪ್ಪು ಗೊತ್ತಾದ ದಿನವೇ ಬರೆಯಿರಿ. ಎರಡು ವರ್ಷದ ಮೇಲೆ ಬರೆದ ಹಾಳೆಗೆ ಮುದ್ರೆ ಮಾತ್ರ ಬೀಳುತ್ತದೆ.

ಇದನ್ನು ಬರೆಯಲು ಕೂರುವ ಮೊದಲು ಮೇಘನಾಳಿಗೆ ಫೋನ್ ಮಾಡಿ, ಆ ಕಡತವನ್ನು ಒಮ್ಮೆ ತೆಗೆದು ನೋಡಲು ಹೇಳಿದ್ದೆ. ರಸ್ತೆಯ ಬಗ್ಗೆ ಅಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. “ಗೊತ್ತು ಸರ್. ಮಾರನೇ ದಿನವೇ ಹೋಗಿ ರಸ್ತೆ ಅಳೆದಿದ್ದೆ, ಮಟ್ಟವಾಗೇ ಇತ್ತು. ನಾನೂ ಸುಮ್ಮನಿದ್ದೆ,” ಎಂದಳು. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿದಳು. ಕಡತದಲ್ಲಿ ಒಂದೂವರೆ ಪುಟದ ವರದಿ ಇದೆ. ಗೆರೆಯ ಪ್ರತಿ ಇದೆ. ನಾನು ಗುರುತು ಹಾಕಿದ ಫಾರ್ಮ್ ಇದೆ.

ನನ್ನ ಹಾಳೆ ಅದರಲ್ಲಿ ಇಲ್ಲ.